ಚಕ್ಕುಬಂದಿ

ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಈ ಐದು ಊರುಗಳ ಸೀಮೆಯಲ್ಲೇ ನನ್ನ ನೌಕರಿ, ವರ್ಗಾವಣೆ, ಬಾಳುವೆ ಎಲ್ಲ ನಡೆದಿದೆ. ಅವುಗಳಲ್ಲಿ ಒಂದು ಊರಿನಲ್ಲಿ ನಮ್ಮ ಮನೆಯಿದೆ. ಯಾವ ಊರೆಂದು ಕೇಳಬೇಡಿ. ಮುಂದೆ ಓದಿದರೆ ಕಾರಣ ನಿಮಗೇ ತಿಳಿಯುತ್ತದೆ.

ಮಗನ ಲಗ್ನ ಗೊತ್ತಾಗಿದೆ. ಮನೆಯ ಮೇಲೊಂದು ಕೋಣೆ ಏರಿಸಬೇಕು. ಅದಕ್ಕೆ ಪರವಾನಗಿ ಬೇಕು. ಈಗ ಅದಕ್ಕಾಗಿ ಕಚೇರಿಯ ಕಟ್ಟೆ ಸವೆಸಬೇಕಾಗಿಲ್ಲ. ಎಂಜಿನಿಯರ್ ನಕ್ಷೆ ತಯಾರಿಸಿ ಕಂಪ್ಯೂಟರಿನಲ್ಲಿ ಏರಿಸುತ್ತಾನೆ, ನಮ್ಮ ಮೊಬೈಲಿಗೆ ಒಂದು ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ಅರ್ಜಿ ಹೋದಂತೆಯೇ.

ಇದು ನಮ್ಮಂಥ ಹೆಂಗಸರಿಗೆ ಸಣ್ಣ ಮಾತಲ್ಲ. ನಮ್ಮ ಸೀಮೆಯಲ್ಲಿ ಮನೆ-ಹೊಲದ ಕಾಗದಪತ್ರ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡಕ್ಕೆ ಬಂತು. ಆದರೆ ಭಾಷೆ ಬದಲಾದರೂ ಕಾಗದ ಗಂಡಸರ ಕೈಯಲ್ಲೇ ಉಳಿಯಿತು. ನನ್ನ ಅತ್ತೆ ಎಂಬತ್ತು ವರ್ಷ ಬದುಕಿದರೂ ತಮ್ಮ ಮನೆಯ ಕಾಗದವನ್ನು ಒಂದು ದಿನ ಬಿಚ್ಚಿ ನೋಡಿದವರಲ್ಲ. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. 2012ರಲ್ಲಿ ‘ಸಕಾಲ’ ಬಂದು ಯಾವ ಕೆಲಸಕ್ಕೆ ಎಷ್ಟು ದಿನವೆಂಬ ಗಡುವು ಬಿತ್ತು. ಆಮೇಲೆ ಹಳ್ಳಿಗಳಿಗೆ ಇ-ಸ್ವತ್ತು, ಪಟ್ಟಣಗಳಿಗೆ ಇ-ಆಸ್ತಿ. 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ಆಸ್ತಿಯ ನೋಂದಣಿಯೇ ಇಲ್ಲವೆಂದಾಯಿತು. ಆ ಗದ್ದಲದಲ್ಲೇ ನಾನೂ ಇ-ಖಾತಾ ಮಾಡಿಸಿಕೊಂಡೆ. ಅದರಲ್ಲಿ ನನ್ನ ಹೆಸರು, ನನ್ನ ಭಾವಚಿತ್ರ. ಅದನ್ನು ದೇವರ ಜಗುಲಿಯ ಮೇಲೆ ಎರಡು ದಿನ ಇಟ್ಟಿದ್ದೆನೆಂದರೆ ನೀವು ನಗಬೇಡಿ.

ಎಂಜಿನಿಯರ್ ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ಇಯತ್ತೆಯಲ್ಲಿ ಸ್ಕೇಲು ಹಿಡಿದು ನೆಟ್ಟಗೆ ಗೆರೆ ಎಳೆಯುವುದನ್ನು ಅವನಿಗೆ ಕಲಿಸಿದವಳು ನಾನೇ. ನಮ್ಮ ಮನೆಯ ಪೂರ್ವಕ್ಕೆ ಮೂರು ಫೂಟು ಜಾಗ ಖಾಲಿ ಬಿಟ್ಟಿದ್ದೇವೆ. ಮೇಲಿನ ಕೋಣೆಯನ್ನು ಅಲ್ಲಿಯವರೆಗೆ ಚಾಚಿದರೆ ಮಂಚ, ಅಲಮಾರಿ ಎರಡೂ ಹಿಡಿಸುತ್ತವೆ. ಆದರೆ ನಿಯಮಕ್ಕೆ ಅದು ಒಪ್ಪುವುದಿಲ್ಲ. ಅವನು ನಗುತ್ತಾ ಹೇಳಿದ: “ಟೀಚರ್, ನಕ್ಷಾದಾಗ ಮೂರು ಫೂಟು ಬಿಟ್ಟೇ ತೋರಸ್ತೀನ್ರಿ. ಕಟ್ಟೂ ಮುಂದ ಹೊರಗ ತಗೊಂಡ್ರಾಯ್ತು. ಕಂಪ್ಯೂಟರ್ ಗೆರಿ ನೋಡ್ತದ, ಗ್ವಾಡಿ ನೋಡಂಗಿಲ್ಲ.”

“ಆಯ್ತಪ್ಪಾ” ಅಂದೆ. ಹೌದು, ಹಾಗೆಯೇ ಅಂದೆ. ಯಾರಿಗೂ ಲಂಚ ಕೊಡುತ್ತಿಲ್ಲ, ಯಾರ ಮುಖ ನೋಡಿಯೂ ಸುಳ್ಳು ಹೇಳುತ್ತಿಲ್ಲ. ಒಂದು ಯಂತ್ರಕ್ಕೆ ಮೂರು ಫೂಟು ತಪ್ಪು ಹೇಳಿದರೆ ಯಾರಿಗೆ ನೋವು?

ರಾತ್ರಿ ಮಗ ಅರ್ಜಿಯನ್ನು ಮೊಬೈಲಿನಲ್ಲಿ ತೋರಿಸಿದ. ಚಕ್ಕುಬಂದಿಯ ಕಾಲಮ್ಮಿನಲ್ಲಿ ಉತ್ತರಕ್ಕೆ ರಸ್ತೆ, ಪಶ್ಚಿಮಕ್ಕೆ ಒಬ್ಬರ ಮನೆ, ದಕ್ಷಿಣಕ್ಕೆ ಇನ್ನೊಬ್ಬರದು. ‘ಪೂರ್ವಕ್ಕೆ’ ಎಂಬುದರ ಮುಂದೆ ಮಗ್ಗಲ ಮನೆಯ ಅವ್ವನ ಹೆಸರಿತ್ತು. ಎಪ್ಪತ್ತು ದಾಟಿದ ಜೀವ. ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಬದುಕುತ್ತಾಳೆ. ಫರಸಿ ಕಲ್ಲು ಹೊದಿಸಿದ ಅವಳ ಅಡಿಗೆಮನೆಗೆ ಇರುವುದು ಒಂದೇ ಕಿಡಕಿ. ಅದು ತೆರೆಯುವುದು ನಮ್ಮ ಆ ಮೂರು ಫೂಟಿನ ಕಡೆಗೆ. ಅಲ್ಲಿಂದ ಬರುವ ಬೆಳಕಿನಲ್ಲೇ ಅವಳ ರೊಟ್ಟಿ, ಅಲ್ಲಿಂದ ಹೋಗುವ ಹೊಗೆಯಿಂದಲೇ ಅವಳ ಉಸಿರು. ಅರ್ಜಿಯಲ್ಲಿ ಅವಳ ಹೆಸರಿತ್ತು. ಆದರೆ ಅವಳನ್ನು ಕೇಳುವ ಕಾಲಮ್ಮು ಇರಲಿಲ್ಲ.

ಶಹಾಬಾದ್ ಬಳಿಯ ಮರತೂರನ್ನು ನಮ್ಮ ಕಡೆಯವರು ವಿಜ್ಞಾನೇಶ್ವರನ ಊರೆಂದು ಹೆಮ್ಮೆಯಿಂದ ಹೇಳುತ್ತಾರೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದವನು ಅವನು. ಆ ಸ್ಮೃತಿಯಲ್ಲಿ ಗಡಿಯ ತಕರಾರಿಗೆಂದೇ ಒಂದು ಪ್ರಕರಣವಿದೆ. ಎಲ್ಲೆಯ ಜಗಳ ಬಂದಾಗ ಅಕ್ಕಪಕ್ಕದವರನ್ನು, ಹಿರಿಯರನ್ನು, ದನ ಕಾಯುವವರನ್ನು ಕೇಳಿ ತೀರ್ಮಾನಿಸಬೇಕೆಂದು ಅದು ಹೇಳುತ್ತದೆ. ಹೀಗೆ ನೆಲದ ಮಾತಿಗೆ ಮೊದಲ ಸಾಕ್ಷಿ ನೆರೆಮನೆ. ಎರಡು ಮನೆಗಳ ನಡುವೆ ಜಾಗ ಬಿಡಬೇಕೆಂಬ ಇಂದಿನ ನಿಯಮವೂ ಅಳತೆಗಾಗಿ ಹುಟ್ಟಿದ್ದಲ್ಲ, ಒಬ್ಬರ ಗೋಡೆ ಇನ್ನೊಬ್ಬರ ಗಾಳಿ-ಬೆಳಕನ್ನು ತಿನ್ನಬಾರದೆಂದು ಹುಟ್ಟಿದ್ದು. ಹಾಗಾದರೆ ನಾನು ಸುಳ್ಳು ಹೇಳಲು ಹೊರಟಿದ್ದು ಯಂತ್ರಕ್ಕಲ್ಲ, ಅವ್ವನಿಗೆ.

ಬೆಂಗಳೂರಿನಲ್ಲಿ ಆಗಿನ ಮಹಾನಗರ ಪಾಲಿಕೆ 2024ರಲ್ಲಿ ‘ನಂಬಿಕೆ ನಕ್ಷೆ’ ಎಂಬ ಯೋಜನೆ ತಂದಿತು. ಐವತ್ತು-ಎಂಬತ್ತು ಫೂಟಿನ ನಿವೇಶನದವರೆಗೆ ಮಾಲೀಕರು, ಎಂಜಿನಿಯರು ತಾವೇ ದೃಢೀಕರಿಸಿದರೆ ಕಟ್ಟಲು ತಾತ್ಕಾಲಿಕ ಮಂಜೂರಾತಿ. ಹೆಸರು ಓದಿ ನನಗೆ ಒಮ್ಮೆ ಸಂತೋಷ, ಒಮ್ಮೆ ಅಂಜಿಕೆ. ಸರಕಾರ ನಮ್ಮನ್ನು ನಂಬುತ್ತೇನೆಂದು ಬಾಗಿಲು ತೆರೆದಾಗ, ಆ ನಂಬಿಕೆಗೆ ನಾವು ಯೋಗ್ಯರೇ ಎಂದು ಯಾರು ನೋಡಬೇಕು?

ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. 1998ರಲ್ಲಿ ಕೆಳಗಿನ ಮನೆ ಕಟ್ಟಿದಾಗ ಹಿಂದುಗಡೆ ಬಿಡಬೇಕಾದ ಜಾಗವನ್ನು ನಾವು ಬಿಡಲಿಲ್ಲ. ನಮ್ಮನೆಯವರು ಒಂದು ಕಚೇರಿಗೆ ಹೋಗಿ ಯಾರ ಕೈಗೋ ‘ಚಾ-ಪಾನಿ’ಗೆ ಕೊಟ್ಟು ಬಂದರು. ಆಮೇಲೆ ಇಷ್ಟು ವರ್ಷ ಬಂದವರೆದುರಿಗೆಲ್ಲ ನಾನು ಆಡಿದ್ದು ಒಂದೇ ಮಾತು: “ರೊಕ್ಕ ಕೊಡದ ಏನೂ ಆಗಂಗಿಲ್ಲ ನೋಡ್ರಿ, ಕಾಲ ಕೆಟ್ಟದ.” ರೊಕ್ಕ ತಗೊಂಡವರ ಬಗ್ಗೆ ಅಷ್ಟು ಮಾತಾಡಿದೆ, ಜಾಗ ತಗೊಂಡ ನಮ್ಮ ಬಗ್ಗೆ ಒಂದು ದಿನವೂ ಆಡಲಿಲ್ಲ. ಆಗ ಕಾಗದ ಗಂಡನದು, ತಪ್ಪು ಕಾರಕೂನನದು, ನಾನು ಮಾತ್ರ ಸ್ವಚ್ಛ. ಈಗ ನಡುವೆ ಯಾರೂ ಇಲ್ಲ. ಖಾತೆ ನನ್ನದು, ಓಟಿಪಿ ಬರುವುದು ನನ್ನ ಮೊಬೈಲಿಗೆ. ನಮ್ಮ ಹೆಸರು ಕಾಗದದಲ್ಲಿ ಬರಬೇಕೆಂದು ನಾವು ಹೆಂಗಸರು ಎಷ್ಟು ಕಾಲದಿಂದ ಕೇಳಿಕೊಂಡು ಬಂದೆವು! ಬಂದ ಮೇಲೆ ಆ ಕಾಗದದ ಸುಳ್ಳೂ ನಮ್ಮದೇ ಆಗುತ್ತದೆಂಬುದನ್ನು ನಾನು ಯೋಚಿಸಿರಲಿಲ್ಲ.

ಮರುದಿನ ಹುಡುಗನನ್ನು ಕರೆಸಿದೆ. “ಕೋಣೆ ಸಣ್ಣದಾದ್ರೂ ಚಿಂತಿಲ್ಲ, ಪೂರ್ವದ ಮೂರು ಫೂಟು ಖರೇನೂ ಬಿಡು. ಹಿಂದಿನ ಗ್ವಾಡಿನೂ ಇದ್ದಂಗ ತೋರಸು” ಅಂದೆ. ಅವನು ನನ್ನ ಮುಖ ನೋಡಿದ. “ಇದ್ದಂಗ ತೋರಸಿದ್ರ ಪಾಸಾಗಂಗಿಲ್ರಿ ಟೀಚರ್.” ತೋರಿಸು ಅಂದೆ.

ಅವನ ಮಾತೇ ನಿಜವಾಯಿತು. ಅರ್ಜಿ ಆಕ್ಷೇಪಣೆಯೊಂದಿಗೆ ವಾಪಸು ಬಂದಿದೆ. ಸುಳ್ಳು ಗೆರೆ ಹಾಕಿದ್ದರೆ ದಾಟಿ ಹೋಗುತ್ತಿತ್ತು, ಖರೇ ಗೆರೆ ತಿರುಗಿ ಬಂತು. ದಂಡ ಕಟ್ಟಬೇಕೋ, ಹಿಂದಿನ ಗೋಡೆ ಒಡೆಯಬೇಕೋ ಇನ್ನೂ ತೀರ್ಮಾನವಾಗಿಲ್ಲ. ಮಗ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಮ್ಮನೆಯವರು, “ಈ ವಯಸ್ಸಿನಾಗ ನಿನಗ್ಯಾಕ ಬೇಕಿತ್ತು ಇದು?” ಅಂದರು. ಅವರಿಗೆ ಹೇಳಲು ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಹೊಸ ಸೊಸೆ ಬರುವ ಹೊತ್ತಿಗೆ ಕೋಣೆ ಏಳುತ್ತದೋ ಇಲ್ಲವೋ ಗೊತ್ತಿಲ್ಲ.

ಅವ್ವನಿಗೆ ಇದೊಂದೂ ಗೊತ್ತಿಲ್ಲ. ನಾನು ಹೇಳುವುದೂ ಇಲ್ಲ. ಹೇಳಿದರೆ ಅವಳದನ್ನು ಉಪಕಾರವೆಂದುಕೊಂಡಾಳು, ಅವಳ ಬೆಳಕನ್ನು ಅವಳಿಗೇ ಬಿಡುವುದು ಉಪಕಾರವಲ್ಲ. ಈ ಮುಂಜಾನೆ ಎಂದಿನಂತೆ ಕಿಡಕಿಯಿಂದ ಕೈ ಚಾಚಿ, “ಅಕ್ಕೋರೇ, ಬಿಸಿ ಅದಾವ, ತಗೋರಿ” ಎಂದು ಎರಡು ರೊಟ್ಟಿ ಕೊಟ್ಟಳು. ಆ ಮೂರು ಫೂಟಿನಲ್ಲಿ ನಿಂತು ತಗೊಂಡೆ.