ಒಂದು ಮನೆತನದ ಹೆಸರು

ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಕೇಳುವುದೇ ಅಡ್ಡಹೆಸರು. ಮಳಖೇಡಕರ, ಚಿಂಚೋಳಿಕರ ಅಂದರೆ ಸಾಕು, ಅರ್ಧ ಕತೆ ತಿಳಿಯಿತು: ಹಿರಿಯರು ಊರು ಬಿಟ್ಟಿದ್ದಾರೆ, ಊರಿನ ಹೆಸರು ಅವರನ್ನು ಬಿಟ್ಟಿಲ್ಲ. ಊರಲ್ಲೇ ಉಳಿದವನಿಗೆ ಆ ಹೆಸರಿನ ಹಂಗಿಲ್ಲ. ಇದಕ್ಕೆ ತಿರುಗಾಮುರುಗಾ, ಮನೆತನವೇ ನೆಲಕ್ಕೆ ಹೆಸರಾದದ್ದುಂಟೆ? ಸನ್ನತಿ ಕಡೆ ಹೋದರೆ ನನಗೆ ಇದೇ ಯೋಚನೆ.

ಸನ್ನತಿ ಎಂದರೆ ಭೀಮೆ, ಚಂದ್ರಲಾಂಬೆ, ಮತ್ತೆ ಅಶೋಕ. 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅವನ ಶಾಸನ ಕಂಡದ್ದು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಪಕ್ಕದ ಕನಗನಹಳ್ಳಿಯ ಸ್ತೂಪ. ಅಲ್ಲಿನ ಸುಣ್ಣಕಲ್ಲಿನ ಫಲಕಗಳಲ್ಲಿ ರಾಜರಿದ್ದಾರೆ, ಯಾರು ಯಾರೆಂದು ಬ್ರಾಹ್ಮಿ ಲಿಪಿಯಲ್ಲಿ ಬರೆದೂ ಇದೆ. ರಾಣಿಯೊಡನೆ ನಿಂತ 'ರಾಯ ಅಶೋಕ' ಒಂದರಲ್ಲಿ. ಇನ್ನೊಂದರಲ್ಲಿ ಪುಳುಮಾವಿ ಉಜ್ಜಯಿನಿಯನ್ನು ಒಪ್ಪಿಸಿಕೊಡುತ್ತಿದ್ದಾನೆ. ಅವನ ಮನೆತನವೇ ಶಾತವಾಹನ.

ಆ ಮನೆತನದ ಹೆಸರುಗಳೇ ಸೋಜಿಗ. ಗೌತಮೀಪುತ್ರ, ವಾಸಿಷ್ಠೀಪುತ್ರ: ಪಟ್ಟ ಗಂಡಸರದು, ಹೆಸರಿನ ಮುಂದೆ ನಿಲ್ಲುವವಳು ಮಾತ್ರ ತಾಯಿ. ಪುರಾಣಗಳು ಇವರನ್ನು ಆಂಧ್ರರೆನ್ನುತ್ತವೆ. ಇವರ ಶಾಸನಗಳಿಗೆ ಆ ಹೆಸರೇ ಗೊತ್ತಿಲ್ಲ. ಮಗ ಗೌತಮೀಪುತ್ರ ಶಾತವಾಹನ ಕುಲದ ಕೀರ್ತಿಯನ್ನು ಮತ್ತೆ ನೆಲೆಗೊಳಿಸಿದನೆಂದು ನಾಸಿಕದ ಗುಹೆಯಲ್ಲಿ ಹೆಮ್ಮೆಯಿಂದ ಬರೆಸಿದವಳೂ ತಾಯಿಯೇ, ಗೌತಮೀ ಬಲಶ್ರೀ.

ಇನ್ನು ನೆಲದ ಮಾತು. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಆದವಾನಿ ಹತ್ತಿರದ ಮ್ಯಾಕದೋಣಿಯಲ್ಲಿ ಪುಳುಮಾವಿ ಎಂಬ ಹೆಸರಿನ ಅರಸನ ಕಾಲದ ಶಾಸನವಿದೆ. ಸಾಂಬನೆಂಬ ಗೃಹಸ್ಥ ಕೆರೆ ಕಟ್ಟಿಸಿದ್ದನ್ನು ಹೇಳುತ್ತ ಅದು ಆ ಸೀಮೆಯನ್ನು 'ಸಾತವಾಹನಿಹಾರ' ಎನ್ನುತ್ತದೆ. ಮುಂದೆ ಶಾತವಾಹನರು ಹೋಗಿ ಪಲ್ಲವರು ಬಂದ ಮೇಲೂ, ಶಿವಸ್ಕಂದವರ್ಮನ ಹಿರೇಹಡಗಲಿ ತಾಮ್ರಪಟದಲ್ಲಿ 'ಸಾತಾಹನಿ ರಟ್ಠ' ಉಳಿದುಕೊಂಡಿದೆ. ಗೆದ್ದವರು ಕೂಡ ಹೆಸರು ಅಳಿಸಲಿಲ್ಲ.

ಇದನ್ನು ಹಿಡಿದೇ ವಿ. ಎಸ್. ಸುಕ್ಥಂಕರ್ ಅವರು ಶಾತವಾಹನರ ಮೂಲನೆಲೆ ಬಳ್ಳಾರಿ ಸೀಮೆ ಎಂದು ವಾದಿಸಿದರು. ಕನ್ನಡಿಗನ ಕಿವಿಗೆ ಇಂಪಾದ ವಾದ. ಆದರೂ ನನಗೆ ಒಪ್ಪಿಗೆಯಿಲ್ಲ. ಮಹಾರಾಷ್ಟ್ರದ ನಾಣೇಘಾಟಿನಲ್ಲಿ ಈ ಕುಲದ ಹೆಸರು ಮ್ಯಾಕದೋಣಿಗಿಂತ ನೂರಾರು ವರ್ಷ ಮೊದಲೇ ಕಲ್ಲಿಗೇರಿದೆ. ಆದ್ದರಿಂದ ಬಳ್ಳಾರಿ ಸೀಮೆ ಮನೆತನಕ್ಕೆ ಹೆಸರು ಕೊಟ್ಟಿರಲಾರದು, ಮನೆತನದಿಂದ ಪಡೆದಿರಬೇಕು. ಹಾಗಾದರೆ ಮನೆತನಕ್ಕೆ ಈ ಹೆಸರು ಎಲ್ಲಿಂದ ಬಂತು? ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಮುಗಿಯದಿದ್ದರೂ ನನಗೇನೂ ಬೇಸರವಿಲ್ಲ.

ಸೀಮೆಯ ಹೆಸರು ಅಳಿಯಿತು. ಆದರೆ ನಮ್ಮ ಪಂಚಾಂಗ ತೆಗೆದು ನೋಡಿ: ಶಾಲಿವಾಹನ ಶಕೆ. ಶಾಲಿವಾಹನ ಎಂದರೆ ಶಾತವಾಹನದ್ದೇ ಇನ್ನೊಂದು ರೂಪ. ಕ್ರಿ.ಶ. 78ರಿಂದ ಎಣಿಸುವ ಈ ಶಕೆಗೆ ಎಷ್ಟೋ ಶತಮಾನಗಳ ನಂತರ ಆ ಹೆಸರು ಅಂಟಿಕೊಂಡಿತು. ಗೌತಮೀಪುತ್ರ ಶಕರನ್ನು ಸದೆಬಡಿದನೆಂದು ನಾಸಿಕದ ಶಾಸನ ಹೊಗಳುತ್ತದೆ. ಕೊನೆಗೆ ನೋಡಿದರೆ ಶಕರ ಹೆಸರಿನ ಲೆಕ್ಕದಲ್ಲೇ ಇವನ ಕುಲದ ಹೆಸರು ಬದುಕಿದೆ! ಮದುವೆಯ ಕರೆಯೋಲೆಯಲ್ಲೂ ಹೊಸಮನೆಯ ಕಲ್ಲಿನಲ್ಲೂ ಇಬ್ಬರೂ ಜೋಡಿಯಾಗಿ ಕೂತಿದ್ದಾರೆ.

ಚಂದ್ರಲಾಂಬೆಯ ದರ್ಶನಕ್ಕೆ ಸನ್ನತಿಗೆ ಬರುವವರು ಸಾವಿರಾರು. ಕೈಮುಗಿದು ಹಾಗೇ ಹಿಂದಿರುಗಬೇಡಿ. ಕನಗನಹಳ್ಳಿ ಹತ್ತಿರವೇ ಇದೆ, ಹೋಗಿ ನೋಡಿ ಬನ್ನಿ.