ಬಿಟ್ಟುಹೋದ ಒಂದು ಪದ

ಪತ್ರಿಕೆ, ರೇಡಿಯೋಗಳ ಮಾತು ಇಂಜೆಕ್ಷನ್ನಿನ ಮದ್ದಿನಂತೆ ಜನರೊಳಗೆ ನೇರವಾಗಿ ಇಳಿಯುತ್ತದೆ ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಅದಕ್ಕೆ ಕೊಡುವ ದೃಷ್ಟಾಂತ, 1938ರ ಅಕ್ಟೋಬರ್ 30ರಂದು ಅಮೆರಿಕದ ರೇಡಿಯೋದಲ್ಲಿ ಬಂದ ಆರ್ಸನ್ ವೆಲ್ಸ್‌ನ ನಾಟಕ. ಮಂಗಳಗ್ರಹದವರ ದಾಳಿಯೆಂದು ನಂಬಿ ಜನ ದಿಕ್ಕೆಟ್ಟು ಓಡಿದರೆಂದು ಮರುದಿನ ಪತ್ರಿಕೆಗಳು ಬರೆದವು. ಹೆದರಿದವರು ಇದ್ದರು, ಆದರೆ ದೇಶವೇ ತಲ್ಲಣಿಸಿತೆಂಬುದು ಉತ್ಪ್ರೇಕ್ಷೆಯೆಂದು ಮುಂದೆ ಸಂಶೋಧಕರು ತೋರಿಸಿದರು. (ರೇಡಿಯೋ ನಂಬಿ ಕೆಟ್ಟವರ ಕಥೆಯನ್ನು ಲೋಕವೆಲ್ಲ ಪತ್ರಿಕೆ ನಂಬಿ ಹೇಳಿತು!) 1940ರ ಚುನಾವಣೆಯ ವೇಳೆ ಓಹಾಯೋದ ಈರಿ ಕೌಂಟಿಯ ಮತದಾರರನ್ನು ವಿಚಾರಿಸಿದ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರಿಗೆ ಕಂಡದ್ದು ಬೇರೆ: ಸುದ್ದಿ ಮೊದಲು ಊರಿನ ನಾಲ್ಕು ಓದುವವರಿಗೆ, ಅವರ ಬಾಯಿಂದ ಉಳಿದವರಿಗೆ.

ಆ ನಾಲ್ಕು ಮಂದಿಯಲ್ಲಿ ನಾನೂ ಒಬ್ಬ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಳಬರು ಮಲಯಾಳ ಆಡಲು ಕಲಿತರು, ಓದಲು ಕಲಿಯಲಿಲ್ಲ. ಕಚೇರಿಯ ಕಾಗದವಿರಲಿ, ತಿರುವನಂತಪುರದ ಸುದ್ದಿಯಿರಲಿ, ಅಕ್ಷರ ಬಲ್ಲ ಒಬ್ಬನನ್ನು ಹುಡುಕಬೇಕು. ನಮ್ಮ ಕೆಳಗಿನ ಮನೆಯ ಮಾವನಿಗೆ ಆ ಒಬ್ಬ ನಾನು.

2012ರ ಮೇ ತಿಂಗಳಲ್ಲಿ ಕೇರಳ ಸರಕಾರ ಗುಟ್ಕಾ ನಿಷೇಧಿಸಿತು. ಆ ದಿನಗಳಲ್ಲೊಮ್ಮೆ, ಅಡಿಕೆಗೂ ನಿರ್ಬಂಧ ಬರುವ 'ಸಾಧ್ಯತ' ಎಂದು ಮಲಯಾಳ ಪತ್ರಿಕೆಯೊಂದರಲ್ಲಿತ್ತು. ನಮ್ಮ 'ಸಾಧ್ಯತೆ'ಯೇ ಅದು, ಅನುವಾದದ ಕಷ್ಟವೂ ಇಲ್ಲ. ನಾನು ಓದಿ ಹೇಳಿದ್ದು: "ಇನ್ನು ಅಡಿಕೆಗೂ ಬರುತ್ತದಂತೆ ಮಾವ."

ಸುಳ್ಳು ಹೇಳಬೇಕೆಂದಿರಲಿಲ್ಲ. ಅಲ್ಲಿಂದ ಬರುವುದೆಲ್ಲ ನಮಗೆ ವಿರುದ್ಧವೇ ಎಂಬ ಹಳೆಯ ಕಹಿ ನನ್ನಲ್ಲಿತ್ತು. ಆ ಕಹಿಗೆ 'ಸಾಧ್ಯತೆ' ಬೇಡದ ಮಾತಾಗಿ ಕಂಡಿತು. ಮಾವ ಮಲಯಾಳದಲ್ಲಿ ಕೇಳಿದ್ದರೆ ಎರಡು ಸಲ ವಿಚಾರಿಸುತ್ತಿದ್ದರು. ಪರಭಾಷೆಯ ಮುಂದೆ ನಾವು ಬಾಗಿಲು ಅರ್ಧವೇ ತೆರೆಯುವವರು. ಕನ್ನಡದಲ್ಲಿ ಬಂದದ್ದನ್ನು ಮಾತ್ರ ಚಾವಡಿಗೇ ಕರೆದು ಕೂರಿಸುತ್ತೇವೆ. ಮದ್ದು ನೇರವಾಗಿ ಇಳಿಯುವುದೇ ಆದರೆ ಇಳಿಯುವುದು ಇಂಥಲ್ಲಿ. ಸೂಜಿ ಹಿಡಿದದ್ದು ಪತ್ರಿಕೆಯಲ್ಲ.

ಅಟ್ಟದಲ್ಲಿ ಒಳ್ಳೆಯ ದರಕ್ಕೆಂದು ಕಾದಿರಿಸಿದ್ದ ಹಳೆ ಅಡಿಕೆಯನ್ನು ಮಾವ ಅದೇ ವಾರ ಸಿಕ್ಕಿದ ಕ್ರಯಕ್ಕೆ ಅಂಗಡಿಗೆ ಹಾಕಿದರು. ಮೊಮ್ಮಗಳ ಮದುವೆಗೆಂದು ಇಟ್ಟದ್ದು. ನಿರ್ಬಂಧ ಬರಲೇ ಇಲ್ಲ.

ಅವರು ನನ್ನನ್ನು ಬೈಯಲಿಲ್ಲ. "ಈ ಪೇಪರಿನವರಿಗೆ ಏನು ಹೇಳುವುದು ಮಾರಾಯ, ಬಾಯಿಗೆ ಬಂದದ್ದು ಬರೆಯುತ್ತಾರೆ" ಎಂದರು. ಪತ್ರಿಕೆ ಸರಿಯಾಗಿಯೇ ಬರೆದಿತ್ತು. ಹೌದು ಮಾವ ಎಂದೆ.

ನಾನು ಒಬ್ಬನಿಗೆ ಓದಿದೆ. ಈಗ ಮೊಬೈಲಿನಲ್ಲಿ ಒತ್ತಿದರೆ ನೂರು ಮನೆ. ಅವರನ್ನು ದೂರಲು ಹೊರಟಾಗಲೆಲ್ಲ ಆ ಅಟ್ಟ ನೆನಪಾಗುತ್ತದೆ. ಮಾವ ಈಗಲೂ ಬೆಳಗ್ಗೆ ಪೇಪರು ಹಿಡಿದು ಬರುತ್ತಾರೆ, ಕನ್ನಡಕವನ್ನೂ ತಾರದೆ. ಬಿಟ್ಟುಹೋದ ಪದದ ಸಂಗತಿ ನಾನಿನ್ನೂ ಅವರಿಗೆ ಹೇಳಿಲ್ಲ.