ಆಜ್ಞೆಯೂ ತೀರ್ಪೂ

ಸೈನ್ಯದ ನ್ಯಾಯಪದ್ಧತಿಯನ್ನು ಶಾಸನದ ಮೂಲಕ ತಿದ್ದಬೇಕೆಂಬ ಮಾತು ಎದ್ದಾಗಲೆಲ್ಲ, ಶಿಸ್ತು ಸಡಿಲವಾದೀತೆಂಬ ಒಂದೇ ಉತ್ತರದಿಂದ ಬಾಯಿ ಮುಚ್ಚಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಶಿಸ್ತಿನ ಹೆಸರಿನಲ್ಲಿ ಹೀಗೆ ಕಲಸಿಹೋಗಿರುವುವು ಆಜ್ಞೆ, ತೀರ್ಪು ಎಂಬ ಎರಡು ಭಿನ್ನ ಪದಾರ್ಥಗಳು. ಆಜ್ಞೆಯು ಕಾರಣ ಕೇಳದೆ ಪಾಲಿಸತಕ್ಕದ್ದು; ರಣರಂಗದಲ್ಲಿ ಅದರ ಬೆಲೆಯೆಲ್ಲ ಆ ತತ್‌ಕ್ಷಣದ ಪಾಲನೆಯಲ್ಲಿದೆ. ತೀರ್ಪಾದರೋ, ನುಡಿಯುವವನು ಅದಕ್ಕೆ ವಿರುದ್ಧವಾದುದನ್ನು ನುಡಿಯಲೂ ಸ್ವತಂತ್ರನಾಗಿದ್ದಾಗ ಮಾತ್ರ ತೀರ್ಪೆನಿಸಿಕೊಳ್ಳುತ್ತದೆ.

1950ರ ನಮ್ಮ ಸೇನಾ ಅಧಿನಿಯಮವು ಈ ಭೇದವನ್ನು ಮರೆತಿದೆಯೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐವರು ಅಧಿಕಾರಿಗಳು ಕುಳಿತು, ಪ್ರಮಾಣ ಸ್ವೀಕರಿಸಿ, ಸಾಕ್ಷ್ಯವನ್ನೆಲ್ಲ ಆಲಿಸಿ, ಆಪಾದಿತನು ನಿರ್ದೋಷಿಯೆಂದು ನಿರ್ಣಯಿಸಿದರೆನ್ನಿ. ಅಷ್ಟಕ್ಕೇ ಅವನು ಮುಕ್ತನಾಗಲಾರನು. 153ನೆಯ ಪ್ರಕರಣದಂತೆ, ಸ್ಥಿರೀಕರಿಸುವ ಅಧಿಕಾರಿಯ ಅನುಮೋದನೆಯಿಲ್ಲದೆ ಆ ನಿರ್ಣಯಕ್ಕೆ ಸಿಂಧುತ್ವವಿಲ್ಲ. ಅವನಿಗೆ ಅದು ಸಮ್ಮತವಾಗದಿದ್ದರೆ, 160ನೆಯ ಪ್ರಕರಣದ ಬಲದಿಂದ, ಪುನರ್ವಿಮರ್ಶಿಸಿರೆಂದು ಒಂದು ಸಲ ಹಿಂದಕ್ಕೆ ಕಳುಹಿಸಬಹುದು. ಮೊದಲಿನ ನಿರ್ಣಯಕ್ಕೇ ಬದ್ಧರಾಗಿರಲು ಆ ಐವರಿಗೆ ಶಾಸನದ ಅಡ್ಡಿಯಿಲ್ಲವೆಂಬುದು ನಿಜ. ಆದರೆ ಮೇಲಿನವರಿಗೆ ಏನು ಬೇಕಾಗಿದೆಯೆಂಬುದು ತಿಳಿದುಹೋದ ಮೇಲೆ, ಬಡ್ತಿಗಾಗಿ ಆ ಶ್ರೇಣಿಯ ಕಡೆಗೇ ನೋಡಬೇಕಾದವರ ಬಾಯಿಂದ ಎರಡನೆಯ ಸಲ ಹೊರಡುವುದನ್ನು ತೀರ್ಪೆಂದು ಕರೆಯಲು ನನಗೆ ಮನಸ್ಸೊಪ್ಪದು.

ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಕೂಡದೆಂಬುದನ್ನು 1651ರ ‘ಲೆವಿಯಾಥನ್’ ಗ್ರಂಥದಲ್ಲಿ ನಿಸರ್ಗನಿಯಮಗಳೊಳಗೆ ಎಣಿಸಿದ ಹಾಬ್ಸನೇ, ಅಧಿಕಾರ ಒಡೆದರೆ ರಾಜ್ಯವೂ ಒಡೆದೀತೆಂಬ ಭಯದಿಂದ, ಖಡ್ಗವನ್ನೂ ನ್ಯಾಯದಂಡವನ್ನೂ ಸಾರ್ವಭೌಮನ ಒಂದೇ ಕೈಗೆ ಒಪ್ಪಿಸಿದನು. ಆ ಭಯ ಹಾಬ್ಸನ ನಾಡಿನಲ್ಲಿಯೇ ಸುಳ್ಳಾಯಿತು. ಕೋರ್ಟ್ ಮಾರ್ಷಲನ್ನು ಕರೆಯುವ ಹಾಗೂ ಸ್ಥಿರೀಕರಿಸುವ ಅಧಿಕಾರಸ್ಥಾನಗಳನ್ನು ಬ್ರಿಟನ್ 1996ರ ಶಾಸನದಿಂದ ರದ್ದುಮಾಡಿ, ಆರೋಪ ಹೊರಿಸುವ ಕೆಲಸವನ್ನೂ ಸದಸ್ಯರನ್ನು ಆರಿಸುವ ಕೆಲಸವನ್ನೂ ಬೇರೆ ಬೇರೆ ಕೈಗಳಿಗೆ ಕೊಟ್ಟಿತು. ಅದರ ಸೈನ್ಯವೇನೂ ಶಿಸ್ತುಗೆಟ್ಟು ಚದುರಲಿಲ್ಲ.

ನಮ್ಮ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯ ಅಭಾವವನ್ನು ದೊಡ್ಡ ಲೋಪವೆಂದು ಎತ್ತಿ ತೋರಿದ್ದು 1982ರಲ್ಲಿ, ಪೃಥಿಪಾಲ್ ಸಿಂಗ್ ಬೇಡಿಯವರ ಮೊಕದ್ದಮೆಯಲ್ಲಿ. ಸಂಸತ್ತು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಶಾಸನ ಮಾಡಿದ್ದು 2007ರಲ್ಲಿ. ತಡವಾಗಿಯಾದರೂ ದೊರೆತ ಆ ಮೇಲ್ಮನವಿ ಸಣ್ಣ ಲಾಭವಲ್ಲ. ಆದರೆ ಮೇಲಿನ ಪೀಠ ಸ್ವತಂತ್ರವಾದ ಮಾತ್ರಕ್ಕೆ ಕೆಳಗಿನ ಪೀಠದ ಪಾರತಂತ್ರ್ಯ ಕಳೆಯುವುದಿಲ್ಲ. ಸೈನಿಕನ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೆಯ ಅನುಚ್ಛೇದವು ಸಂಸತ್ತಿಗೇ ವಹಿಸಿದೆ. ಆ ಹೊಣೆಯನ್ನರಿತು, ನಿರ್ದೋಷಿಯೆಂಬ ನಿರ್ಣಯವನ್ನಾದರೂ ಸಂಸತ್ತು 160ನೆಯ ಪ್ರಕರಣದ ವ್ಯಾಪ್ತಿಯಿಂದ ಹೊರಗಿಡಬೇಕು.